ಉಪ್ಪುನೀರಿನ ಮೀನುಗಳಿಗೆ ಕಾಯಿಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹವಳಗಳಿರುವ 300 ಲೀಟರ್ ತೊಟ್ಟಿಗೆ ಹೊಸದಾಗಿ ಒಂದು ಟ್ಯಾಂಗ್ ಮೀನು ಬಿಟ್ಟಿದ್ದೆವು. ಅದರ ಮೈಮೇಲೆ ಬಿಳಿ ಚುಕ್ಕೆ ಎದ್ದು, ನಾಲ್ಕೈದು ದಿನಕ್ಕೆ ತಾನಾಗಿ ಮಾಯವಾಯಿತು. ಈಗ ಎರಡು ವಾರದ ನಂತರ ಎಲ್ಲ ಮೀನುಗಳ ಮೇಲೂ ಚುಕ್ಕೆಗಳಿವೆ. ಇದು ಬಿಳಿ ಚುಕ್ಕೆ ತರುವ ಇಕ್ ರೋಗವೋ, ಮೈಗೆ ಪುಡಿ ಬಳಿದಂತೆ ಕಾಣುವ ವೆಲ್ವೆಟ್ ರೋಗವೋ? ತೊಟ್ಟಿಗೇ ಔಷಧಿ ಹಾಕಬಹುದೇ?

ಉತ್ತರ: ಬಂದು, ಹೋಗಿ, ಹೆಚ್ಚಾಗಿ ಮರಳುವುದು ಇಕ್‌ನ ಗುಣ. ಅದನ್ನು ತರುವ ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶ ಜೀವಿ ಮೀನಿನ ಚರ್ಮದೊಳಗೆ 3ರಿಂದ 7 ದಿನ ಇದ್ದು ಬೆಳೆಯುತ್ತದೆ. ಆಮೇಲೆ ಕಳಚಿಕೊಂಡು ಮರಳು, ಕಲ್ಲು, ಗಾಜಿಗೆ ಅಂಟಿ ತನ್ನ ಸುತ್ತ ರಕ್ಷಣೆಯ ಕೋಶ ಕಟ್ಟಿಕೊಳ್ಳುತ್ತದೆ. ಚುಕ್ಕೆ ಮಾಯವಾದಾಗ ವಾಸಿಯಾಯಿತು ಎಂದುಕೊಳ್ಳುತ್ತೇವೆ. ನಿಜಕ್ಕೂ ಆಗಲೇ ತಳದಲ್ಲಿ ಅದರ ಸಂತಾನ ಹೆಚ್ಚುತ್ತಿರುತ್ತದೆ. ಒಂದೊಂದು ಕೋಶ ಒಡೆದಾಗಲೂ ಹಲವಾರು ಮರಿಗಳು ನೀರಿಗೆ ಬಿಡುಗಡೆಯಾಗಿ ಮೀನು ಹುಡುಕುತ್ತವೆ.

ಆದರೂ ವೆಲ್ವೆಟ್ ಅಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು, ಏಕೆಂದರೆ ಅದು ಎರಡು ಮೂರು ದಿನದಲ್ಲಿ ತೊಟ್ಟಿಯನ್ನೇ ಖಾಲಿ ಮಾಡಬಲ್ಲದು. ದೀಪ ಆರಿಸಿ, ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಇಕ್ ಚುಕ್ಕೆಗಳು ಉಪ್ಪಿನ ಹರಳಿನಷ್ಟು ದಪ್ಪ, ಬಿಡಿಬಿಡಿಯಾಗಿ ಎಣಿಸಬಹುದು. ವೆಲ್ವೆಟ್‌ನದು ಎಣಿಸಲಾಗದ ನುಣ್ಣನೆಯ ಬೂದು ಅಥವಾ ಹೊನ್ನಿನ ಬಣ್ಣದ ಪುಡಿ. ಚುಕ್ಕೆಗಿಂತ ಉಸಿರಾಟವನ್ನು ಹೆಚ್ಚು ನಂಬಿ. ವೆಲ್ವೆಟ್ ಮೊದಲು ಕಿವಿರಿಗೆ ಬೀಳುವುದರಿಂದ, ಮೈಮೇಲೆ ಪುಡಿ ಕಾಣುವ ಮುನ್ನವೇ ಮೀನು ಸಾಯುವುದುಂಟು. ಕಿವಿರಿನ ಮುಚ್ಚಳ ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದು, ಮೀನು ಪಂಪಿನ ನೀರಿಗೆ ಎದುರಾಗಿ ನಿಂತು, ಬೆಳಕಿಗೆ ಹೆದರಿ, ಮೇವು ಬಿಟ್ಟಿದ್ದರೆ ವೆಲ್ವೆಟ್ ಎಂದೇ ತಿಳಿದು ಅಂದೇ ಚಿಕಿತ್ಸೆ ಶುರುಮಾಡಿ.

ಇವೆರಡಕ್ಕೂ ಔಷಧಿ ತಾಮ್ರ. ಆದರೆ ಹವಳವಿರುವ ತೊಟ್ಟಿಗೆ ಅದನ್ನು ಹಾಕಲೇಬೇಡಿ. ಹವಳ, ಸಿಗಡಿ, ಬಸವನಹುಳು ಸಾಯುತ್ತವೆ. ಸಾಲದ್ದಕ್ಕೆ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುವುದರಿಂದ ಪ್ರಮಾಣ ನಿಲ್ಲುವುದೂ ಇಲ್ಲ. ಚುಕ್ಕೆಯಿಲ್ಲದವೂ ಸೇರಿ ಎಲ್ಲ ಮೀನುಗಳನ್ನೂ ಹೊರತೆಗೆಯಿರಿ. 80 ಲೀಟರಿನ ಬರಿ ಗಾಜಿನ ತೊಟ್ಟಿ, ಹೀಟರ್, ಏರ್ ಪಂಪ್, ಬ್ಯಾಕ್ಟೀರಿಯಾ ಬೆಳೆದ ಸ್ಪಂಜ್ ಫಿಲ್ಟರ್, ಅಡಗಲು ನಾಲ್ಕಾರು ಪಿವಿಸಿ ಪೈಪ್ ತುಂಡು ಇದ್ದರೆ ಎರಡು ಮೂರು ಚಿಕ್ಕ ಮೀನುಗಳಿಗೆ ಸಾಕು. ಮರಳು, ಕಲ್ಲು, ಔಷಧಿ ಹೀರುವ ಕಾರ್ಬನ್ ಬೇಡ. ಸ್ಪಂಜು ಕಾಯಿಲೆಬಿದ್ದ ತೊಟ್ಟಿಯದ್ದಾಗಿದ್ದರೆ ಕೋಶಗಳೂ ಅದರ ಜೊತೆ ಬಂದಿರುತ್ತವೆ. ತಾಮ್ರ ಬಿಡದೆ ನಿಂತರೆ ಒಡೆದು ಬರುವ ಮರಿಗಳು ಸಾಯುತ್ತವೆ, ಹೆದರಬೇಡಿ.

ಕೀಲೇಟೆಡ್ (ಬೇರೆ ಅಣುವಿನೊಡನೆ ಬಂಧಿಸಿದ) ತಾಮ್ರವಾದರೆ ಲೀಟರಿಗೆ 2.25ರಿಂದ 2.5 ಮಿಲಿಗ್ರಾಂ. ಎರಡು ದಿನದಲ್ಲಿ ನಾಲ್ಕು ಕಂತಾಗಿ ಏರಿಸಿ. ಅಯಾನಿಕ್ (ಹಾಗೆ ಬಂಧಿಸದ) ತಾಮ್ರವಾದರೆ 0.15ರಿಂದ 0.20 ಮಾತ್ರ! ಇವೆರಡನ್ನು ಅದಲುಬದಲು ಮಾಡಿದರೆ ಮೀನು ಉಳಿಯದು. ಬಾಟಲಿಯ ಮೇಲೆ ಯಾವ ಬಗೆಯ ತಾಮ್ರ ಎಂದು ನೋಡಿ, ಆ ಬಗೆಯನ್ನೇ ಅಳೆಯುವ ಕಿಟ್ ಇಟ್ಟುಕೊಂಡು ದಿನಾ ಅಳೆಯಿರಿ. ಮಟ್ಟ ಮುಟ್ಟಿದ ದಿನದಿಂದ 30 ದಿನ. ನಡುವೆ ಇಳಿದರೆ ಲೆಕ್ಕ ಮತ್ತೆ ಒಂದರಿಂದ. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು, ಚರ್ಮದೊಳಗಿರುವುದನ್ನಲ್ಲ. ಹಾಗಾಗಿ ಮೊದಲ ವಾರ ಚುಕ್ಕೆ ಹೆಚ್ಚಿದಂತೆ ಕಂಡರೂ ಔಷಧಿ ಸೋತಿತೆಂದು ಪ್ರಮಾಣ ಏರಿಸಬೇಡಿ.

ಅತ್ತ ದೊಡ್ಡ ತೊಟ್ಟಿಯನ್ನು ಒಂದೂ ಮೀನಿಲ್ಲದೆ 76 ದಿನ ಬಿಡಿ, ಮೀನು ಸಿಗದೆ ಅಲ್ಲಿನ ಮರಿಗಳು ಸಾಯಲಿ. ಹವಳ, ಸಿಗಡಿ ಅಲ್ಲೇ ಇರಲಿ. ಎರಡು ತೊಟ್ಟಿಗೂ ಒಂದೇ ಬಲೆ, ಒದ್ದೆ ಕೈ ಬಳಸಿದರೆ ಅಷ್ಟೂ ದಿನದ ಕಾಯುವಿಕೆ ವ್ಯರ್ಥ.

ಪ್ರಶ್ನೆ: ತಾಮ್ರ 2.3ರಲ್ಲಿ ಸರಿಯಾಗಿ ನಿಂತಿದೆ. ಆದರೂ ಐದನೇ ದಿನ ಮೀನು ಮೇವು ಬಿಟ್ಟು ಮೂಲೆ ಸೇರಿದೆ. ತಾಮ್ರ ವಿಷವಾಯಿತೇ?

ಉತ್ತರ: ಮೊದಲು ಅಮೋನಿಯಾ ಅಳೆಯಿರಿ. ಚಿಕಿತ್ಸೆಯ ತೊಟ್ಟಿಯಲ್ಲಿ ಮೀನು ಸಾಯಲು ಬಹುಪಾಲು ಅದೇ ಕಾರಣ, ದೂರು ಮಾತ್ರ ತಾಮ್ರದ ಮೇಲೆ. ಉಪ್ಪುನೀರಿನ ಪಿಎಚ್ ಹೆಚ್ಚಿರುವುದರಿಂದ ಅಮೋನಿಯಾದ ವಿಷಕಾರಿ ಪಾಲೂ ಹೆಚ್ಚು. ಲೀಟರಿಗೆ 0.25 ಮಿಲಿಗ್ರಾಂ ಕಂಡರೂ ಕಾಲು ಭಾಗ ನೀರು ಬದಲಿಸಿ. 80 ಲೀಟರಿಗೆ 20 ಲೀಟರ್ ಹೊಸ ನೀರು. ಅದಕ್ಕೆ ಮೊದಲೇ 2.3ರಷ್ಟು ತಾಮ್ರ ಬೆರೆಸಿ ಹಾಕಿದರೆ ಮಟ್ಟ ಕದಲುವುದಿಲ್ಲ. ಅಮೋನಿಯಾ ನೀಗಿಸುವ ದ್ರಾವಣಗಳನ್ನು ತಾಮ್ರದ ಜೊತೆ ಹಾಕಬೇಡಿ. ಅವು ತಾಮ್ರದೊಡನೆ ವರ್ತಿಸಿ ಅದನ್ನು ಇನ್ನಷ್ಟು ವಿಷಕಾರಿಯಾಗಿಸುತ್ತವೆ. ಅಮೋನಿಯಾ ಶೂನ್ಯವಿದ್ದೂ ಮೇವು ಮುಟ್ಟದಿದ್ದರೆ 2.25ಕ್ಕೆ ಇಳಿಸಿ, ಅದಕ್ಕೂ ಕೆಳಗೆ ಬೇಡ.

ಪ್ರಶ್ನೆ: ಹೊಸ ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರಪದರವಾಗಿ ಕಳಚುತ್ತಿದೆ. ತಾಮ್ರಕ್ಕೆ ಬಗ್ಗುತ್ತಿಲ್ಲ.

ಉತ್ತರ: ಬಗ್ಗುವುದೂ ಇಲ್ಲ. ಇದು ಬ್ರೂಕ್ಲಿನೆಲ್ಲಾ ಎಂಬ ಏಕಕೋಶ ಪರಾವಲಂಬಿ ಆಗಿರುವ ಸಾಧ್ಯತೆಯೇ ಹೆಚ್ಚು. ತಳದಲ್ಲಿ ಕೋಶ ಕಟ್ಟದೆ ಮೀನಿನ ಮೈಮೇಲೇ ಒಂದು ಎರಡಾಗಿ ಹೆಚ್ಚುತ್ತದೆ, ಆದ್ದರಿಂದಲೇ ಇಷ್ಟು ವೇಗ. ಬೇಕಿರುವುದು 37 ಶೇಕಡಾ ಫಾರ್ಮಾಲ್ಡಿಹೈಡ್ ಇರುವ ಫಾರ್ಮಾಲಿನ್ ದ್ರಾವಣ. ತೊಟ್ಟಿಯದ್ದೇ ಉಷ್ಣತೆ, ಉಪ್ಪಿನಂಶವಿರುವ 20 ಲೀಟರ್ ನೀರಿಗೆ 3 ಮಿಲಿಲೀಟರ್ ಬೆರೆಸಿ, ಗಾಳಿಯನ್ನು ಜೋರಾಗಿ ಬಿಟ್ಟು, ಮೀನನ್ನು 45 ನಿಮಿಷ ಇಡಿ. ಫಾರ್ಮಾಲಿನ್ ನೀರಿನ ಆಮ್ಲಜನಕ ಕಡಿಮೆ ಮಾಡುವುದರಿಂದ ಪಕ್ಕದಲ್ಲೇ ಕೂತು ನೋಡುತ್ತಿರಿ. ಮೀನು ವಾಲಿದರೆ ತಕ್ಷಣ ತೆಗೆಯಿರಿ. ಹಳೆಯ ತೊಟ್ಟಿಗೆ ಬಿಡದೆ, ಒಣಗಿಸಿ ಶುಚಿ ಮಾಡಿದ ಬೇರೆ ತೊಟ್ಟಿಗೆ ಬಿಡಿ. ದಿನ ಬಿಟ್ಟು ದಿನ ಇನ್ನೆರಡು ಸಲ ಮಾಡಿ. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕಟ್ಟಿದ್ದರೆ ಆ ಫಾರ್ಮಾಲಿನ್ ಮೀನಿಗೆ ವಿಷ, ಬಳಸಬೇಡಿ. ನಿಮಗೂ ಅದು ಅಪಾಯಕಾರಿ: ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಪ್ರಶ್ನೆ: ಏಂಜೆಲ್ ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಕಣ್ಣು ಮಸುಕಾಗಿದೆ, ಚುಕ್ಕೆ ಇಲ್ಲ.

ಉತ್ತರ: ಮೀನಿನ ಮೈಗೆ ಅಂಟಿ ಬದುಕುವ ಚಪ್ಪಟೆ ಫ್ಲೂಕ್ ಹುಳುವಿನ ಗುಮಾನಿ. ಸಿಹಿನೀರಿನ ಸ್ನಾನವೇ ಪರೀಕ್ಷೆ. ಕಪ್ಪು ಬಕೆಟ್ಟಿನಲ್ಲಿ ಆರ್‌ಓ ನೀರು ತೆಗೆದುಕೊಂಡು, ಒಂದು ಗಂಟೆ ಗಾಳಿ ಬಿಟ್ಟು, ಉಷ್ಣತೆಯನ್ನೂ ಅಡುಗೆ ಸೋಡಾದಿಂದ ಪಿಎಚ್ಚನ್ನೂ ತೊಟ್ಟಿಯ ನೀರಿಗೆ ಹೊಂದಿಸಿ. 5 ನಿಮಿಷ ಸಾಕು. ಮೈಮೇಲೆ ಕಾಣದಿದ್ದ ಹುಳುಗಳು ಬೆಳ್ಳಗಾಗಿ ತಳಕ್ಕೆ ಉದುರುತ್ತವೆ. ಕಂಡರೆ ಪ್ರತ್ಯೇಕ ತೊಟ್ಟಿಯಲ್ಲಿ ಲೀಟರಿಗೆ 2.5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ ಔಷಧಿ, ಅಂದರೆ 80 ಲೀಟರಿಗೆ 200 ಮಿಲಿಗ್ರಾಂ ಹಾಕಿ. ಮೊಟ್ಟೆಗಳಿಗೆ ಅದು ತಾಗದು, ಹಾಗಾಗಿ 7 ದಿನದ ನಂತರ ಎರಡನೇ ಸಲ ಹಾಕಲೇಬೇಕು.

ಪ್ರಶ್ನೆ: ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಬಿಳಿ ಗಂಟು. ಮೀನು ಚೆನ್ನಾಗಿ ತಿನ್ನುತ್ತಿದೆ.

ಉತ್ತರ: ಲಿಂಫೋಸಿಸ್ಟಿಸ್, ವೈರಸ್‌ನಿಂದ ಬರುವಂಥದ್ದು. ಔಷಧಿ ಇಲ್ಲ, ಕತ್ತರಿಸಲೂ ಹೋಗಬೇಡಿ. ಒಳ್ಳೆಯ ಮೇವು, ಶುದ್ಧ ನೀರು ಕೊಟ್ಟು ಗದ್ದಲವಿಲ್ಲದೆ ಬಿಟ್ಟರೆ ವಾರಗಳಲ್ಲೋ ತಿಂಗಳುಗಳಲ್ಲೋ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ.