ಸ್ಮಾರಕ ವಿನ್ಯಾಸ ಸ್ಪರ್ಧೆಯ ಅಂಕಪಟ್ಟಿ ಪಡೆಯುವ ಬಗ್ಗೆ

ನಗರಸಭೆಯ ಸ್ಮಾರಕ ಸ್ಪರ್ಧೆಯಲ್ಲಿ ನಿಮ್ಮ ವಿನ್ಯಾಸ ಆಯ್ಕೆಯಾಗಲಿಲ್ಲ, ಅಂಕಗಳನ್ನು ಕೇಳಿದಾಗ ಗೋಪ್ಯವೆಂದು ನಿರಾಕರಿಸಿದರು ಎಂದು ಬರೆದಿದ್ದೀರಿ. ಹೀಗೆ ನಿರಾಕರಿಸಲು ಬಹುಶಃ ಕಾರಣ, ನೀವು ಕೊಟ್ಟದ್ದು ಸಾದಾ ಮನವಿಯಾಗಿರುವುದು. ಮಾಹಿತಿ ಹಕ್ಕು ಕಾಯ್ದೆಯ ಗಡುವು, ಮೇಲ್ಮನವಿ ಎರಡೂ ಅದಕ್ಕೆ ಅನ್ವಯಿಸುವುದಿಲ್ಲ.

ಮೊದಲು ನಮೂನೆ 'ಎ'ಯಲ್ಲಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದ ಮೀರಬಾರದು. ಹಾಗಾಗಿ 'ನನ್ನನ್ನೇಕೆ ಕೈಬಿಟ್ಟಿರಿ' ಎಂದು ಕೇಳದೆ, ತೀರ್ಪುಗಾರರ ನೇಮಕದ ಆದೇಶ, ಪ್ರತಿ ತೀರ್ಪುಗಾರರ ಅಂಕಪಟ್ಟಿ, ಸಭಾ ನಡವಳಿ ಮತ್ತು ವಿನ್ಯಾಸಗಳಿಗೆ ಸಂಕೇತ ಸಂಖ್ಯೆ ಕೊಟ್ಟ ವಹಿಯ ದೃಢೀಕೃತ ಪ್ರತಿಗಳನ್ನು ಕೇಳಿ. ಕೊನೆಯದನ್ನು ಬಿಡಬೇಡಿ; ತೀರ್ಪುಗಾರರು ವಿನ್ಯಾಸಗಳನ್ನು ಹೆಸರಿಲ್ಲದೆ ನೋಡಿದರೇ ಎಂದು ಪರಿಶೀಲಿಸಲು ಅದು ಬೇಕು. ಅಮೆರಿಕದ ವಿಯೆಟ್ನಾಂ ಯೋಧರ ಸ್ಮಾರಕಕ್ಕೆ 1981ರಲ್ಲಿ ಬಂದ 1,421 ವಿನ್ಯಾಸಗಳನ್ನು ತೀರ್ಪುಗಾರರು ಹೆಸರಿಲ್ಲದೆ ನೋಡಿದ್ದರಿಂದಲೇ ವಿದ್ಯಾರ್ಥಿನಿ ಮಾಯಾ ಲಿನ್ ಗೆಲುವನ್ನು ಪ್ರಭಾವದ ಫಲವೆನ್ನಲು ಆಸ್ಪದವಿರಲಿಲ್ಲ.

ಉತ್ತರಕ್ಕೆ 30 ದಿನಗಳ ಗಡುವಿದೆ. ವಾಣಿಜ್ಯ ಗೋಪ್ಯತೆಯ ಕಲಂ 8(1)(ಡಿ) ತೋರಿಸಿದರೆ, ಗೋಪ್ಯಭಾಗವನ್ನು ಮರೆಮಾಚಿ ಉಳಿದದ್ದನ್ನು ಕೊಡಲು ಅವಕಾಶವಿರುವ ಕಲಂ 10ನ್ನು ಉಲ್ಲೇಖಿಸಿ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಪ್ರತಿ ತೀರ್ಪುಗಾರರ ಪ್ರತ್ಯೇಕ ಅಂಕಪಟ್ಟಿಗಳನ್ನು ನಗರಸಭೆ ಇಟ್ಟಿದೆಯೇ ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಇಲ್ಲವೆಂಬ ಲಿಖಿತ ಉತ್ತರವೂ ನಿಮಗೆ ಪುರಾವೆಯೇ. ಆದರೆ ಅಷ್ಟರಲ್ಲಿ ಸ್ಮಾರಕದ ಕೆಲಸ ಆರಂಭಿಸುವ ಕಾರ್ಯಾದೇಶ ಹೊರಡುವ ಸೂಚನೆ ಕಂಡರೆ, ಕಾಯದೆ ತಡೆಯಾಜ್ಞೆಯ ಸಾಧ್ಯತೆ ಕುರಿತು ವಕೀಲರನ್ನು ಕಾಣಿ.