ಬಯೋಗ್ಯಾಸ್ ಪ್ಲಾಂಟ್‌ನಲ್ಲಿ ನಿಜವಾಗಿ ಹೆದರಬೇಕಾದ್ದು ಯಾವುದಕ್ಕೆ?

ನಿಮ್ಮ ಪ್ರಶ್ನೆ ಇದು: ಸಗಣಿ, ಆಹಾರ ತ್ಯಾಜ್ಯ ಹಾಕಿ ನಡೆಸುವ ಬಯೋಗ್ಯಾಸ್ ಪ್ಲಾಂಟ್‌ಗೆ ಆಪರೇಟರ್ ಆಗಿ ಸೇರುತ್ತಿದ್ದೀರಿ. ಡೈಜೆಸ್ಟರ್, ಅಂದರೆ ತ್ಯಾಜ್ಯ ಕೊಳೆತು ಗ್ಯಾಸ್ ಹುಟ್ಟುವ ಮುಚ್ಚಿದ ಟ್ಯಾಂಕ್, ಯಾವಾಗ ಬೇಕಾದರೂ ಸಿಡಿಯಬಹುದು ಅಂತ ಮನೆಯವರು ಹೆದರಿಸುತ್ತಿದ್ದಾರೆ. ಆ ಭಯ ಎಷ್ಟು ನಿಜ, ಯಾವುದಕ್ಕೆ ಎಷ್ಟು ಎಚ್ಚರ ಬೇಕು?

ನಾನು ಇದೇ ಕೆಲಸದಲ್ಲಿ ಇದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಮುಚ್ಚಿಕೊಂಡು ತನ್ನ ಪಾಡಿಗೆ ನಡೆಯುತ್ತಿರುವ ಡೈಜೆಸ್ಟರ್‌ಗೆ ಅಷ್ಟು ಹೆದರಬೇಡಿ. ಅದನ್ನು ತೆರೆಯುವ ದಿನ, ಖಾಲಿ ಮಾಡುವ ದಿನ, ಮತ್ತೆ ಶುರು ಮಾಡುವ ದಿನ, ತುಂಬಾ ಹೊತ್ತು ಸುಮ್ನೆ ಬಿಟ್ಟಿದ್ದ ಬಗ್ಗಡವನ್ನು ಕಲಕುವ ದಿನ ಹೆದರಿ. ದಿನಾ ಮಾಡುವ ಕೆಲಸಕ್ಕಿಂತ ಅಪರೂಪಕ್ಕೆ ಮಾಡುವ ಕೆಲಸದಲ್ಲಿ ಅಪಾಯ ಜಾಸ್ತಿ.

ಯಾಕೆ ಅಂದರೆ, ಮೀಥೇನ್ ಗಾಳಿಯಲ್ಲಿ ಸುಮಾರು ಶೇ. 5ರಿಂದ 15ರಷ್ಟು ಬೆರೆತಾಗ ಮಾತ್ರ ಸಿಡಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಗ್ಯಾಸ್ ಸಾಲದು, ಜಾಸ್ತಿಯಾದರೆ ಆಮ್ಲಜನಕ ಸಾಲದು. ಡೈಜೆಸ್ಟರ್ ಒಳಗಿನ ಗ್ಯಾಸ್‌ನಲ್ಲಿ ಮೀಥೇನ್ ಸಾಮಾನ್ಯವಾಗಿ ಶೇ. 50ರಿಂದ 70 ಇರುತ್ತದೆ. ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದರೆ ಒಳಗೆ ಉರಿಯಲು ಬೇಕಾದ ಗಾಳಿಯೇ ಇಲ್ಲ. ಗ್ಯಾಸ್ ಹೊರಗೆ ಬಂದಾಗ ಅಥವಾ ಗಾಳಿ ಒಳಗೆ ಹೋದಾಗ ಮಾತ್ರ ಕಥೆ ಬದಲಾಗುತ್ತದೆ.

ಹೊಸ ಟ್ಯಾಂಕ್ ಶುರು ಮಾಡುವುದು ಇದೇ ಕಾರಣಕ್ಕೆ ಸೂಕ್ಷ್ಮದ ಕೆಲಸ. ಮೊದಲು ಒಳಗೆ ಬರೀ ಗಾಳಿ ಇರುತ್ತದೆ. ಗ್ಯಾಸ್ ಹುಟ್ಟುತ್ತಾ ಹೋದಂತೆ ಮೀಥೇನ್ ಸೊನ್ನೆಯಿಂದ ಏರುತ್ತದೆ, ದಾರಿಯಲ್ಲಿ ಆ 5ರಿಂದ 15ರ ಪಟ್ಟಿಯನ್ನು ದಾಟಲೇಬೇಕು. ಆ ಹೊತ್ತಿನಲ್ಲಿ ಯಾರೋ ಉತ್ಸಾಹದಿಂದ 'ಗ್ಯಾಸ್ ಬಂತಾ ನೋಡೋಣ' ಅಂತ ಬೆಂಕಿ ಹಚ್ಚಿದರೆ ಮುಗಿಯಿತು. ಒಂದೋ ಮೊದಲೇ ನೈಟ್ರೋಜನ್ ಹಾಯಿಸಿ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ಇಲ್ಲವೇ ಮೊದಲ ಗ್ಯಾಸ್ ಅನ್ನು ಹಚ್ಚದೆ, ಎತ್ತರದಲ್ಲಿ, ಕಿಡಿಯಿಂದ ದೂರ ಹೊರಗೆ ಬಿಡುತ್ತಾರೆ. ಮೀಟರ್‌ನಲ್ಲಿ ಆಮ್ಲಜನಕ ಚೆನ್ನಾಗಿ ಇಳಿದದ್ದು ಕಂಡ ಮೇಲೆಯೇ ಫ್ಲೇರ್ (ಬಳಸದ ಗ್ಯಾಸ್ ಅನ್ನು ಉರಿಸಿಬಿಡುವ ಬರ್ನರ್) ಹಚ್ಚುವುದು. ಟ್ಯಾಂಕ್ ಖಾಲಿ ಮಾಡುವಾಗ ಇದೇ ದಾರಿಯನ್ನು ಹಿಂದಕ್ಕೆ ನಡೆಯಬೇಕಾಗುತ್ತದೆ.

ಇಷ್ಟೆಲ್ಲಾ ಹೇಳಿದರೂ ನನ್ನ ಪಟ್ಟಿಯಲ್ಲಿ ಸ್ಫೋಟ ಮೊದಲಿಲ್ಲ. ಮೊದಲನೆಯದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್. ಬಯೋಗ್ಯಾಸ್‌ನಲ್ಲಿ ಇದು ಕೆಲವು ನೂರು ಪಿಪಿಎಂನಿಂದ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ) ಹಲವು ಸಾವಿರ ಪಿಪಿಎಂವರೆಗೂ ಇರಬಹುದು. ಹಾಕುವ ತ್ಯಾಜ್ಯದಲ್ಲಿ ಪ್ರೋಟೀನ್ ಜಾಸ್ತಿ ಇದ್ದಷ್ಟೂ ಇದೂ ಜಾಸ್ತಿ. ಒಂದು ಪಿಪಿಎಂಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಪಿಪಿಎಂ ಆಸುಪಾಸಿಗೆ ಬಂದರೆ ಮೂಗು ಕೈಕೊಡುತ್ತದೆ, ವಾಸನೆಯೇ ಬರುವುದಿಲ್ಲ. ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ನಿಯಾಷ್, ಆ 100 ಪಿಪಿಎಂ ಅನ್ನೇ ಜೀವಕ್ಕೆ ತಕ್ಷಣದ ಅಪಾಯದ ಮಟ್ಟ ಎಂದು ಗುರುತಿಸಿದೆ. 700ರಿಂದ 1000 ಪಿಪಿಎಂ ಇದ್ದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯಬಹುದು. 'ಈಗ ವಾಸನೆ ಕಡಿಮೆ ಆಯ್ತು, ಪರವಾಗಿಲ್ಲ' ಅಂತ ಯಾರಾದರೂ ಅಂದರೆ ನಾನು ಅವರನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುತ್ತೇನೆ. ಕಡಿಮೆ ಆದದ್ದು ಗ್ಯಾಸಾ, ಮೂಗಾ ಅಂತ ಮೀಟರ್ ಇಲ್ಲದೆ ಹೇಳಲು ಆಗುವುದಿಲ್ಲ.

ಈ ಗ್ಯಾಸ್ ಗಾಳಿಗಿಂತ ಸ್ವಲ್ಪ ಭಾರ. ಕಾರ್ಬನ್ ಡೈಆಕ್ಸೈಡ್ ಇನ್ನೂ ಭಾರ. ಹಾಗಾಗಿ ತ್ಯಾಜ್ಯ ಸುರಿಯುವ ಗುಂಡಿ, ಪಂಪ್ ಇರುವ ತಗ್ಗು, ಪೈಪಿನ ನೀರು ಇಳಿಯುವ ಕಂಡೆನ್ಸೇಟ್ ಗುಂಡಿ, ಇವುಗಳ ಮೇಲೆ ನನಗೆ ಯಾವಾಗಲೂ ಅನುಮಾನ. ಬಯೋಗ್ಯಾಸ್ ಹಗುರ, ಮೇಲೆ ಹೋಗಿಬಿಡುತ್ತದೆ ಅನ್ನುವುದನ್ನು ಪೂರ್ತಿ ನಂಬಬೇಡಿ. ಮೀಥೇನ್ ಹಗುರ, ನಿಜ. ಆದರೆ ಶೇ. 60 ಮೀಥೇನ್ ಇರುವ ಬಯೋಗ್ಯಾಸ್‌ನ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಅದು ಕೆಳಗೇ ಕೂರುತ್ತದೆ.

ಇನ್ನು ಕಲಕುವುದು. ಬಗ್ಗಡದ ಒಳಗೆ ಗುಳ್ಳೆಗಳಾಗಿ, ಕರಗಿದ ರೂಪದಲ್ಲಿ ಗ್ಯಾಸ್ ಅಡಗಿರುತ್ತದೆ. ಮಿಕ್ಸರ್ ಚಾಲೂ ಮಾಡಿದರೆ ಸೋಡಾ ಬಾಟಲಿ ಅಲ್ಲಾಡಿಸಿದ ಹಾಗೆ ಒಂದೇ ಸಲ ಮೇಲೆ ಬರುತ್ತದೆ. ಬೆಳಿಗ್ಗೆ ಮೀಟರ್‌ನಲ್ಲಿ ಏನೂ ಕಾಣದ ಗುಂಡಿ, ಕಲಕಲು ಶುರು ಮಾಡಿದ ನಿಮಿಷಗಳಲ್ಲೇ ಕೊಲ್ಲುವ ಮಟ್ಟಕ್ಕೆ ಹೋಗಬಹುದು. ಎರಡು ಬೇರೆ ಬೇರೆ ತ್ಯಾಜ್ಯ ಬೆರೆತಾಗಲೂ ಹೀಗೇ ಆಗುತ್ತದೆ. 2005ರ ನವೆಂಬರ್‌ನಲ್ಲಿ ಜರ್ಮನಿಯ ರಾಡರೈಶ್ಟೆಟ್ ಎಂಬಲ್ಲಿನ ಬಯೋಗ್ಯಾಸ್ ಪ್ಲಾಂಟ್‌ನಲ್ಲಿ ನಾಲ್ಕು ಜನ ಸತ್ತದ್ದು ಸ್ಫೋಟದಿಂದಲ್ಲ, ಈ ಗ್ಯಾಸ್‌ನಿಂದ. ಟ್ಯಾಂಕರ್‌ನಲ್ಲಿ ಬಂದ ಪ್ರಾಣಿಜನ್ಯ ತ್ಯಾಜ್ಯದಲ್ಲಿ ಸಲ್ಫೈಡ್ ಇತ್ತು. ಅದು ಗುಂಡಿಯಲ್ಲಿ ಮೊದಲೇ ಇದ್ದ ಹುಳಿ ತ್ಯಾಜ್ಯಕ್ಕೆ ಸೇರಿ ಹೈಡ್ರೋಜನ್ ಸಲ್ಫೈಡ್ ಎದ್ದಿತು. ಆದ್ದರಿಂದ ಹೊಸ ಲೋಡ್ ಬಂದಾಗ ಅದರಲ್ಲಿ ಏನಿದೆ, ಪಿಎಚ್ ಎಷ್ಟು ಅಂತ ಕೇಳದೆ ಗುಂಡಿಗೆ ಸುರಿಯಲು ಬಿಡಬೇಡಿ. ಟ್ಯಾಂಕರ್ ಡ್ರೈವರ್‌ಗೆ ಅವಸರ ಇದ್ದೇ ಇರುತ್ತದೆ. ಇರಲಿ.

ಒಬ್ಬರು ಗುಂಡಿಯಲ್ಲಿ ಬಿದ್ದದ್ದು ಕಂಡರೆ ನೀವು ಇಳಿಯಬಾರದು. ಇದು ಓದುವಾಗ ಕಲ್ಲುಮನಸ್ಸಿನ ಮಾತು ಅನ್ನಿಸುತ್ತದೆ. ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ, ಬಿದ್ದವರನ್ನು ಎತ್ತಲು ಹೋದವರು ಅಂತ ನಿಯಾಷ್ 1986ರಲ್ಲೇ ಎಚ್ಚರಿಸಿತ್ತು. ಕೂಗಿ ಜನ ಕರೆಯಿರಿ, ಬ್ಲೋವರ್ ಇದ್ದರೆ ಹೊರಗಿನಿಂದಲೇ ಗಾಳಿ ಹಾಯಿಸಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಮೊದಲೇ ಮೈಗೆ ಹಾರ್ನೆಸ್ ಬೆಲ್ಟ್, ಅದಕ್ಕೆ ಹಗ್ಗ ಕಟ್ಟಿ ಇಳಿಸಿದ್ದರೆ ಮಾತ್ರ ಮೇಲಿನಿಂದ ಎಳೆಯಲು ಸಾಧ್ಯ. ಆ ಹಗ್ಗದ ಬೆಲೆ ಗೊತ್ತಾಗುವುದು ಅವತ್ತೇ.

ಒಳಗೆ ಇಳಿಯುವುದಕ್ಕೆ ನನ್ನ ಮೊದಲ ಉತ್ತರ 'ಬೇಡ'. ಪಂಪ್ ಅನ್ನು ಮೇಲೆ ಎತ್ತಿ ರಿಪೇರಿ ಮಾಡಲು ಆಗುತ್ತಾ, ಹೊರಗಿನಿಂದಲೇ ತೊಳೆಯಲು ಆಗುತ್ತಾ ಅಂತ ನೋಡಿ. ಇಳಿಯಲೇಬೇಕಾದರೆ ಲಿಖಿತ ಪರ್ಮಿಟ್ ಬೇಕು. ವಾಲ್ವ್ ಮುಚ್ಚಿದರೆ ಸಾಲದು, ವಾಲ್ವ್‌ಗಳು ಸೋರುತ್ತವೆ. ಪೈಪ್ ಬಿಚ್ಚಿ, ಅದರ ಬಾಯಿ ಪೂರ್ತಿ ಮುಚ್ಚುವ ಬ್ಲೈಂಡ್ ಪ್ಲೇಟ್ ಹಾಕಬೇಕು. ಮಿಕ್ಸರ್, ಪಂಪ್‌ಗಳ ಸ್ವಿಚ್‌ಗೆ ಬೀಗ ಹಾಕಿ, ಕೀಲಿ ಇಳಿಯುವವರ ಜೇಬಲ್ಲೇ ಇರಬೇಕು. ಗಾಳಿ ಹಾಯಿಸುತ್ತಲೇ ಇರಬೇಕು. ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಕೆಲಸ ನಡೆಯುವಾಗಲೂ ಅಳತೆ ನಿಲ್ಲಬಾರದು, ಯಾಕೆಂದರೆ ತಳದ ಕೆಸರಿಗೆ ಸನಿಕೆ ಬಿದ್ದ ತಕ್ಷಣ ಹೊಸ ಗ್ಯಾಸ್ ಏಳುತ್ತದೆ. ಮೇಲೆ ಒಬ್ಬರು ಕಾವಲು ಇರಬೇಕು, ಅವರಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು.

ಮೂಗಿಗೆ ಕಟ್ಟುವ ಬಟ್ಟೆ, ಧೂಳಿನ ಮಾಸ್ಕ್ ಇಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಕಾರ್ಟ್ರಿಜ್ ಮಾಸ್ಕ್ ಕೂಡ ಆಮ್ಲಜನಕ ಕೊಡುವುದಿಲ್ಲ, ಇದ್ದ ಗಾಳಿಯನ್ನು ಸೋಸುತ್ತದೆ ಅಷ್ಟೇ. ಗಾಳಿಯೇ ಇಲ್ಲದ ಕಡೆ ಸೋಸಲು ಏನಿದೆ? ಅಂಥ ಕಡೆ ಸಿಲಿಂಡರ್ ಅಥವಾ ಹೊರಗಿನಿಂದ ಗಾಳಿ ಕೊಡುವ ಸಾಧನವೇ ಬೇಕು. ಅದನ್ನು ಬಳಸಲು ತರಬೇತಿಯೂ ಬೇಕು.

ಮೀಟರ್ ಬಗ್ಗೆ ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಮೈಮೇಲೆ ಸಿಕ್ಕಿಸಿಕೊಳ್ಳುವ ನಾಲ್ಕು ಗ್ಯಾಸ್‌ನ ಮೀಟರ್ ಸಾಮಾನ್ಯವಾಗಿ ಆಮ್ಲಜನಕ, ಉರಿಯುವ ಗ್ಯಾಸ್, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ತೋರಿಸುತ್ತದೆ. ಉರಿಯುವ ಗ್ಯಾಸ್ ಅಳೆಯುವ ಹಳೆಯ ಬಗೆಯ ಸೆನ್ಸರ್ ಆ ಗ್ಯಾಸ್ ಅನ್ನು ತನ್ನೊಳಗೆ ಸ್ವಲ್ಪ ಉರಿಸಿ ಅಳೆಯುತ್ತದೆ. ಉರಿಸಲು ಅದಕ್ಕೂ ಆಮ್ಲಜನಕ ಬೇಕು! ಪೂರ್ತಿ ಬಯೋಗ್ಯಾಸ್ ತುಂಬಿದ ಟ್ಯಾಂಕ್‌ಗೆ ಅದನ್ನು ಇಳಿಬಿಟ್ಟರೆ ತಪ್ಪು ಅಂಕಿ, ಕೆಲವೊಮ್ಮೆ ತೀರಾ ಕಡಿಮೆ ಅಂಕಿ ತೋರಿಸಬಹುದು. ಅದಕ್ಕೇ ಮೊದಲು ಆಮ್ಲಜನಕದ ಅಂಕಿ ನೋಡಬೇಕು. ಸಾಮಾನ್ಯ ಗಾಳಿಯಲ್ಲಿ ಅದು ಶೇ. 20.9. 19.5ಕ್ಕಿಂತ ಕೆಳಗಿದ್ದರೆ ಒಳಗೆ ಹೋಗುವ ಮಾತೇ ಇಲ್ಲ. ಟ್ಯಾಂಕ್ ಒಳಗಿನ ಗ್ಯಾಸ್ ಅಳೆಯಲು ಇನ್‌ಫ್ರಾರೆಡ್ ಸೆನ್ಸರ್ ಇರುವ ಮೀಟರ್ ಬಳಸಿ. ಯಾವ ಮೀಟರ್ ಆದರೂ ಬಳಸುವ ಮೊದಲು ಪರೀಕ್ಷೆಯ ಗ್ಯಾಸ್ ಹಾಯಿಸಿ ಅಲಾರಂ ಕೂಗುತ್ತಾ ನೋಡಿ. ಸೆನ್ಸರ್ ಸತ್ತಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತಿರಬಹುದು, ಅಲ್ವಾ?

ಈಗ ಒತ್ತಡ. ಡೈಜೆಸ್ಟರ್ ಒಳಗಿನ ಒತ್ತಡ ಬಹಳ ಕಡಿಮೆ, ಮಿಲಿಬಾರ್ ಲೆಕ್ಕದಲ್ಲಿ. 10 ಸೆಂಟಿಮೀಟರ್ ನೀರಿನ ಒತ್ತಡ ಅಂದರೆ ಸುಮಾರು 10 ಮಿಲಿಬಾರ್. ಟ್ಯಾಂಕನ್ನು ಕಟ್ಟಿರುವುದೂ ಅಷ್ಟಕ್ಕೇ. ಒತ್ತಡ ಏರಿದರೆ ಛಾವಣಿ ಹರಿಯುತ್ತದೆ. ಹೊಸಬರು ಮರೆಯುವುದು ಇದರ ಉಲ್ಟಾವನ್ನು. ಗ್ಯಾಸ್ ಹುಟ್ಟುವುದಕ್ಕಿಂತ ಬೇಗ ಬಗ್ಗಡವನ್ನು ಪಂಪ್ ಮಾಡಿ ತೆಗೆದರೆ ಒಳಗೆ ನಿರ್ವಾತ ಆಗುತ್ತದೆ. ಆಗ ಟ್ಯಾಂಕ್ ಒಳಕ್ಕೆ ಕುಗ್ಗಬಹುದು ಅಥವಾ ಗಾಳಿಯನ್ನು ಎಳೆದುಕೊಳ್ಳಬಹುದು. ಗಾಳಿ ಒಳಗೆ ಹೋದರೆ ಏನು ಅಂತ ಮೇಲೆ ಹೇಳಿದ್ದೇನೆ. ಎರಡೂ ಕಡೆಯಿಂದ ಕಾಯುವುದು ಸುರಕ್ಷತಾ ವಾಲ್ವ್. ಅದು ನೀರಿನ ಸೀಲ್ ಇರುವ ಬಗೆಯಾದರೆ ನೀರಿನ ಮಟ್ಟವನ್ನು ದಿನಾ ನೋಡಿ. ಬಿಸಿಲಿಗೆ ಆರುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ಒಂದು ಸಲ ಒತ್ತಡ ಏರಿ ಗ್ಯಾಸ್ ನುಗ್ಗಿದರೆ ನೀರು ಹೊರಗೆ ಚೆಲ್ಲಿಹೋಗುತ್ತದೆ.

ಈ ವಾಲ್ವ್‌ನ ದೊಡ್ಡ ಶತ್ರು ನೊರೆ. ನೊರೆ ಏರಿ ಗ್ಯಾಸ್ ಪೈಪಿಗೂ ವಾಲ್ವ್‌ಗೂ ಹೊಕ್ಕರೆ ಎರಡೂ ಕಟ್ಟಿಕೊಳ್ಳುತ್ತವೆ. ಇಲ್ಲಿ ಜೀವಶಾಸ್ತ್ರವೂ ಸುರಕ್ಷತೆಯೂ ಒಂದೇ ಆಗಿಬಿಡುತ್ತವೆ. ಒಂದೇ ಸಲ ಜಾಸ್ತಿ ಹಾಕಿದರೆ, ಎಣ್ಣೆ-ಕೊಬ್ಬಿನ ತ್ಯಾಜ್ಯ ದಿಢೀರನೆ ಹೆಚ್ಚಾದರೆ, ಕಲಕುವುದು ನಿಂತು ಮತ್ತೆ ಶುರುವಾದರೆ ನೊರೆ ಏಳುತ್ತದೆ. ಅದಕ್ಕೇ ದಿನಾ ಒಂದೇ ಪ್ರಮಾಣದಲ್ಲಿ ಹಾಕಿ, ಬದಲಾವಣೆಯನ್ನು ನಿಧಾನವಾಗಿ ಮಾಡಿ. ಶಾಖ ಅಲುಗಾಡದಿರಲಿ, ಸಾಮಾನ್ಯ ಬಗೆಯ ಡೈಜೆಸ್ಟರ್‌ಗೆ 35ರಿಂದ 40 ಡಿಗ್ರಿ ಸೆಲ್ಸಿಯಸ್. ಪಿಎಚ್ 7ರ ಆಸುಪಾಸಿನಿಂದ ಇಳಿಯುವ ಮೊದಲೇ ಮೀಥೇನ್ ಪಾಲು ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ಏರುವುದು ಕಾಣುತ್ತದೆ. ಅದು ಕಂಡ ದಿನವೇ ಹಾಕುವುದನ್ನು ಕಡಿಮೆ ಮಾಡಿ.

ಗಾಳಿ ಒಳಗೆ ಹೋಗಬಾರದು ಅಂದೆ. ಆದರೆ ಹೈಡ್ರೋಜನ್ ಸಲ್ಫೈಡ್ ತಗ್ಗಿಸಲು ಕೆಲವು ಪ್ಲಾಂಟ್‌ಗಳಲ್ಲಿ ನಾವೇ ಒಂದಿಷ್ಟು ಗಾಳಿ ಬಿಡುತ್ತೇವೆ, ಹುಟ್ಟುವ ಗ್ಯಾಸ್‌ನ ಶೇಕಡಾ ಕೆಲವೇ ಪಾಲು. ಆ ಬ್ಲೋವರ್ ಎಷ್ಟು ಚಿಕ್ಕದಿರಬೇಕು ಅಂದರೆ, ಪೂರ್ತಿ ತೆರೆದರೂ ಅಪಾಯದ ಮಟ್ಟಕ್ಕೆ ಗಾಳಿ ಕೊಡಲು ಅದಕ್ಕೆ ಸಾಧ್ಯವಾಗಬಾರದು. ದೊಡ್ಡ ಬ್ಲೋವರ್ ಹಾಕಿ ವಾಲ್ವ್‌ನಿಂದ ತಗ್ಗಿಸುತ್ತೇವೆ ಅನ್ನುವವರ ಮಾತು ಕೇಳಬೇಡಿ. ಕಬ್ಬಿಣದ ಆಕ್ಸೈಡ್ ತುಂಬಿದ ಫಿಲ್ಟರ್ ಇದ್ದರೆ ಇನ್ನೊಂದು ಎಚ್ಚರ. ಬಳಸಿ ಮುಗಿದ ಆ ವಸ್ತು ಗಾಳಿ ತಾಗಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರು ಹಾಕಿ ಒದ್ದೆ ಮಾಡಿಯೇ ಹೊರಗೆ ತೆಗೆಯಿರಿ. ಫಿಲ್ಟರ್ ದಾಟಿದ ಗ್ಯಾಸ್‌ಗೆ ವಾಸನೆ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಎಂಜಿನ್ ಕೋಣೆಯಲ್ಲಿ ಸೋರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಗೋಡೆಗೆ ಕೂರಿಸಿದ ಡಿಟೆಕ್ಟರ್ ಇರಲೇಬೇಕು.

ಕಿಡಿಯ ವಿಷಯ ಎಲ್ಲರೂ ಹೇಳುತ್ತಾರೆ, ಬೇಗ ಮುಗಿಸುತ್ತೇನೆ. ಸಿಗರೇಟು, ಮೊಬೈಲ್, ಸಾಮಾನ್ಯ ಟಾರ್ಚ್ ಗುರುತು ಹಾಕಿದ ಗಡಿಯೊಳಗೆ ಬೇಡ. ವೆಲ್ಡಿಂಗ್, ಗ್ರೈಂಡಿಂಗ್‌ಗೆ ಪ್ರತಿ ಸಲ ಪರ್ಮಿಟ್. 'ಖಾಲಿ' ಟ್ಯಾಂಕ್‌ಗೂ ಪರ್ಮಿಟ್, ಗ್ಯಾಸ್ ತೆಗೆದಾದ ಬಗ್ಗಡ ಇಟ್ಟ ಟ್ಯಾಂಕ್‌ಗೂ ಪರ್ಮಿಟ್, ಯಾಕೆಂದರೆ ಅದು ಇನ್ನೂ ಗ್ಯಾಸ್ ಬಿಡುತ್ತಲೇ ಇರುತ್ತದೆ. 2020ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಏವನ್‌ಮೌತ್‌ನಲ್ಲಿ ಸಿಡಿದು ನಾಲ್ವರ ಪ್ರಾಣ ತೆಗೆದದ್ದು ಸಂಸ್ಕರಿಸಿದ ಕೆಸರು ಇಟ್ಟ ಸೈಲೊ. ಸಿಡಿಲಿನ ರಕ್ಷಣೆಯನ್ನೂ ಕೇಳಿ ನೋಡಿ. 2023ರ ಅಕ್ಟೋಬರ್‌ನಲ್ಲಿ ಆಕ್ಸ್‌ಫರ್ಡ್ ಹತ್ತಿರದ ಪ್ಲಾಂಟ್‌ನಲ್ಲಿ ಗ್ಯಾಸ್ ಟ್ಯಾಂಕ್‌ಗಳು ಸಿಡಿದದ್ದು ಸಿಡಿಲು ಬಡಿದು.

ಸೇರಿದ ಮೊದಲ ದಿನ ಸೂಪರ್‌ವೈಸರ್ ಹತ್ತಿರ ಇಷ್ಟು ಕೇಳಿ: ನನ್ನ ಮೀಟರ್ ಯಾವುದು, ಅದನ್ನು ಕೊನೆಗೆ ಪರೀಕ್ಷಿಸಿದ್ದು ಯಾವಾಗ? ಗುಂಡಿಗೆ ಇಳಿಯುವ ಪರ್ಮಿಟ್ ಯಾರು ಬರೆಯುತ್ತಾರೆ? ಸುರಕ್ಷತಾ ವಾಲ್ವ್ ಕೊನೆಗೆ ಬಿಚ್ಚಿ ನೋಡಿದ್ದು ಯಾವಾಗ? ಕರೆಂಟ್ ಹೋದರೆ ಫ್ಲೇರ್ ತಾನಾಗಿ ಹೊತ್ತಿಕೊಳ್ಳುತ್ತಾ? ಕೇಳಿದ್ದಕ್ಕೆ ಅವರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ. ಮೀಟರ್ ಕೈಗೆ ಬರುವವರೆಗೆ ತ್ಯಾಜ್ಯದ ಗುಂಡಿಯ ಹತ್ತಿರದ ಕೆಲಸ ಒಪ್ಪಿಕೊಳ್ಳಬೇಡಿ, ಬೇರೆ ಕೆಲಸ ಕೇಳಿ.