ಗೇಮ್ ಕನ್ಸೋಲ್ ಇದ್ದವರಿಗೆ ಎಚ್‌ಡಿ ಟಿವಿ ಬೇಕೇ ಬೇಕಾ?

ಅದು ಯಾವ ಕನ್ಸೋಲ್ ಅನ್ನೋದರ ಮೇಲೆ ನಿಂತಿದೆ.

ಪ್ಲೇಸ್ಟೇಷನ್ 4 ಅಥವಾ 5 ಆದರೆ ಬೇರೆ ದಾರಿಯೇ ಇಲ್ಲ. ಟಿವಿಗೆ ಸಿಕ್ಕಿಸಲು ಅವುಗಳ ಹಿಂದೆ ಇರೋದು ಎಚ್‌ಡಿಎಂಐ, ಅಂದರೆ ಎಚ್‌ಡಿ ಟಿವಿಯ ಕೇಬಲ್ ಸಿಕ್ಕಿಸುವ ಜಾಗ, ಒಂದೇ. ಹಳೇ ಡಬ್ಬಾ ಟಿವಿಯ ಹಳದಿ, ಬಿಳಿ, ಕೆಂಪು ವೈರಿಗೆ ಜಾಗವೇ ಇಲ್ಲ.

ತಲೆಕೆಡಿಸಿಕೊಳ್ಳಬೇಕಾದದ್ದು 2005ರ ಎಕ್ಸ್‌ಬಾಕ್ಸ್ 360, 2006ರ ಪ್ಲೇಸ್ಟೇಷನ್ 3 ಇಟ್ಟುಕೊಂಡವರು. ಇವು ಡಬ್ಬಾ ಟಿವಿಯಲ್ಲೂ ಓಡುತ್ತವೆ. ಆದರೆ ಡಬ್ಬಾ ಟಿವಿ ಮಟ್ಟದ 640×480ರ ಚಿತ್ರದಲ್ಲಿ ಸುಮಾರು 3 ಲಕ್ಷ ಚುಕ್ಕಿ ಇದ್ದರೆ, ಎಚ್‌ಡಿಯ 1280×720ರಲ್ಲಿ 9 ಲಕ್ಷ ದಾಟುತ್ತದೆ. ನನ್ನ ಪ್ರಕಾರ ಹೊಡೆತ ಬೀಳೋದು ಚಿತ್ರಕ್ಕಿಂತ ಜಾಸ್ತಿ ಅಕ್ಷರಕ್ಕೆ. ಎಕ್ಸ್‌ಬಾಕ್ಸ್ 360ಕ್ಕೆ 2006ರಲ್ಲಿ ಬಂದ 'ಡೆಡ್ ರೈಸಿಂಗ್' ಗೇಮ್‌ನಲ್ಲಿ ಅಕ್ಷರ ಎಷ್ಟು ಚಿಕ್ಕದಿತ್ತೆಂದರೆ, ಹಳೇ ಟಿವಿಯವರು ಓದೋಕೇ ಆಗ್ತಿಲ್ಲ ಅಂತ ದೂರಿದ್ದರು. ಏನು ಮಾಡಬೇಕು ಅಂತಲೇ ಗೊತ್ತಾಗದಿದ್ದರೆ ಆಡೋದು ಹೇಗೆ, ಅಲ್ವಾ?

ನಿಂಟೆಂಡೊ ವೀ ಇದ್ದರೆ ಸುಮ್ನೆ ದುಡ್ಡು ಸುರಿಯಬೇಡಿ. ಅದು 480 ಗೆರೆ ಮೀರುವುದೇ ಇಲ್ಲ. ದೊಡ್ಡ ಎಚ್‌ಡಿ ಪರದೆಯಲ್ಲಿ ಆ ಚಿತ್ರ ಹಿಗ್ಗಿ ಮಸುಕಾಗುತ್ತದೆ. ಇನ್ನು ಬಂದೂಕು ಹಿಡಿದು ಬಾತುಕೋಳಿ ಹೊಡೆಯುವ ಆ ಹಳೇ ಗೇಮ್ ನೆನಪಿದೆಯಾ? ಆ ಬಂದೂಕು ಡಬ್ಬಾ ಟಿವಿಯ ಬೆಳಕನ್ನೇ ನಂಬಿಕೊಂಡದ್ದು. ಎಲ್‌ಸಿಡಿ ಮುಂದೆ ಎಷ್ಟು ಒತ್ತಿದರೂ ಬಾತುಕೋಳಿ ಬೀಳಲ್ಲ.

ಎಚ್‌ಡಿ ಟಿವಿ ತಂದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಆನ್ ಮಾಡಿ. ಇಲ್ಲದಿದ್ದರೆ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ತಡವಾಗುತ್ತದೆ. ನೀವು ಬಟನ್ ಒತ್ತಿರುತ್ತೀರಿ, ಆಟಗಾರ ಇನ್ನೂ ಹಾರಿರಲ್ಲ.